ಕೊಪ್ಪರಿಗೆಯಲ್ಲಿ ಬೆಳೆದ ಮೂಲಿಕೆ

ಮುಂಬಯಿಯ ಮಸೀದಿ ಬಂದರಿನ ಓಣಿಗಳಲ್ಲಿ ಬೇರು, ನಾರು, ತೊಗಟೆ, ಕಾಯಿಗಳನ್ನು ಗೋಣಿಚೀಲಗಳಲ್ಲಿ ತುಂಬಿಟ್ಟುಕೊಂಡು ಮಾರುವ ಅಂಗಡಿಗಳಿವೆ. ಊರಿನಲ್ಲಿ ನಾವು ಗ್ರಂಥಿಗೆ ಅಂಗಡಿ ಎನ್ನುತ್ತಿದ್ದಂಥವು. ಅಲ್ಲಿ 'ರತನ್‌ಜೋತ್' ಎಂದು ಕೇಳಿದರೆ ಕಪ್ಪುಗೆಂಪಿನ, ಸಿಪ್ಪೆ ಸುಲಿದು ಬರುವ ಒಣಬೇರೊಂದನ್ನು ತೂಗಿಕೊಡುತ್ತಾರೆ. ಕಾಶ್ಮೀರದ ಅಡಿಗೆಯವರು ಅದನ್ನು ಬಿಸಿ ತುಪ್ಪದಲ್ಲಿಯೋ ಎಣ್ಣೆಯಲ್ಲಿಯೋ ಅದ್ದಿ ರೋಗನ್ ಜೋಶ್‌ಗೆ ಕೆಂಪು ತರುತ್ತಾರೆ. ನೀರಿಗೆ ಬಿಡದ ಬಣ್ಣ ಎಣ್ಣೆಗೆ ತಟ್ಟನೆ ಬಿಡುವುದೇ ಈ ಬೇರಿನ ವಿಶೇಷ. ಇದರ ಬಣ್ಣದ ಸತ್ತ್ವಕ್ಕೆ ರಸಾಯನಶಾಸ್ತ್ರಜ್ಞರು ಇಟ್ಟ ಹೆಸರು ಆಲ್ಕನಿನ್. ಜಪಾನಿನಲ್ಲಿ ಇದೇ ಕುಲದ ಇನ್ನೊಂದು ಸಸ್ಯದ ಬೇರಿನಲ್ಲಿರುವ ಶಿಕೋನಿನ್ ಎಂಬ ವಸ್ತು ಇದರ ತದ್ರೂಪು. ಎಡಗೈಗೆ ಬಲಗೈ ಹೇಗೋ ಹಾಗೆ, ಕನ್ನಡಿಯಲ್ಲಿ ಕಂಡ ಬಿಂಬದಂತೆ. ಗಿಡವಿಲ್ಲದೆ, ಮಣ್ಣಿಲ್ಲದೆ, ಬಿಸಿಲಿಲ್ಲದೆ, ಬರಿಯ ಜೀವಕೋಶಗಳನ್ನು ಕೊಪ್ಪರಿಗೆಯಲ್ಲಿ ಬೆಳೆಸಿ ವಾಣಿಜ್ಯಕ್ಕಾಗಿ ತೆಗೆದ ಮೊಟ್ಟಮೊದಲ ಸಸ್ಯಸತ್ತ್ವವೆಂಬ ಕೀರ್ತಿ ಈ ಶಿಕೋನಿನ್‌ಗೆ ಸಲ್ಲುತ್ತದೆ. ಅದು 1983ರ ಮಾತು.

ಆ ಕಥೆಗೆ ಹೋಗುವ ಮೊದಲು, ಇಂಥ ಕಷ್ಟಕ್ಕೆ ಮನುಷ್ಯ ಯಾಕೆ ಕೈಹಾಕಿದ ಎಂಬುದನ್ನು ನೋಡಬೇಕು. ದೂರ ಹೋಗಬೇಕಾಗಿಲ್ಲ. ನಮ್ಮ ಸರ್ಪಗಂಧವನ್ನೇ ತೆಗೆದುಕೊಳ್ಳೋಣ. ಹುಚ್ಚಿಗೂ ನಿದ್ರೆಗೆಟ್ಟವರಿಗೂ ನಮ್ಮ ವೈದ್ಯರು ಹಿಂದಿನಿಂದ ಕೊಡುತ್ತಿದ್ದ ಬೇರು ಅದು. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ಡಾ. ರುಸ್ತಮ್ ಜಾಲ್ ವಕೀಲ್ ಅವರು ಈ ಬೇರು ರಕ್ತದ ಒತ್ತಡವನ್ನು ಇಳಿಸುವ ಬಗೆಯನ್ನು 'ಬ್ರಿಟಿಷ್ ಹಾರ್ಟ್ ಜರ್ನಲ್' ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಜಗತ್ತೆಲ್ಲ ಸರ್ಪಗಂಧ ಬೇಕು ಬೇಕು ಎಂದಿತು. ಎಲೆಯನ್ನೋ ಹಣ್ಣನ್ನೋ ಕಿತ್ತರೆ ಗಿಡ ಉಳಿಯುತ್ತದೆ. ಬೇರನ್ನು ಅಗೆದರೆ ಗಿಡವೇ ಹೋಯಿತು. ಕಾಡಿನಲ್ಲಿ ಸರ್ಪಗಂಧ ಎಷ್ಟು ವಿರಳವಾಯಿತೆಂದರೆ 1990ರಲ್ಲಿ ಅದನ್ನು ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಗೆ ಸೇರಿಸಬೇಕಾಯಿತು. ಮದ್ದು ಹೆಸರುವಾಸಿಯಾದಷ್ಟೂ ಮೂಲಿಕೆಗೆ ಕೇಡು. ಈ ಗಂಟನ್ನು ಬಿಡಿಸುವ ಹಲವು ದಾರಿಗಳಲ್ಲಿ ಕೋಶಕೃಷಿಯೂ ಒಂದು.

ಕೋಶಕೃಷಿಯ ಕನಸು ಕಂಡವನು ಆಸ್ಟ್ರಿಯದ ಗಾಟ್‌ಲೀಬ್ ಹಾಬರ್‌ಲಾಂಟ್. ಗಿಡದ ಒಂದೊಂದು ಜೀವಕೋಶವೂ ತನ್ನಷ್ಟಕ್ಕೆ ಬದುಕಬಲ್ಲದು, ತಕ್ಕ ಆಹಾರ ಕೊಟ್ಟರೆ ಇಡೀ ಗಿಡವಾಗಬಲ್ಲದು ಎಂಬುದು ಅವನ ನಂಬಿಕೆ. 1902ರಲ್ಲಿ ಅವನು ಪ್ರಕಟಿಸಿದ ಲೇಖನದಲ್ಲಿ ಸೋಲಿನ ವರದಿಯೇ ಹೆಚ್ಚು. ಎಲೆಯಿಂದ ಬಿಡಿಸಿದ ಕೋಶಗಳು ವಾರಗಟ್ಟಲೆ ಬದುಕಿದವು, ಹಿಗ್ಗಿದವು, ಆದರೆ ಒಂದೂ ಎರಡಾಗಲಿಲ್ಲ. ಬೆಳವಣಿಗೆಗೆ ಬೇಕಾದ ಚೋದಕಗಳು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. ಅವು ತಿಳಿದುಬಂದ ಮೇಲೆ, 1939ರಲ್ಲಿ, ಫ್ರಾನ್ಸಿನ ಗೋತ್ರೆ, ನೊಬೆಕೂರ್ ಮತ್ತು ಅಮೆರಿಕದ ಫಿಲಿಪ್ ವೈಟ್ ಈ ಮೂವರೂ ಬೇರೆ ಬೇರೆಯಾಗಿ, ಒಂದೇ ವರ್ಷದಲ್ಲಿ, ಸಸ್ಯದ ಅಂಗಾಂಶವನ್ನು ಸೀಸೆಯಲ್ಲಿ ಕೊನೆಯಿಲ್ಲದೆ ಬೆಳೆಸಿ ತೋರಿಸಿದರು. ಇಬ್ಬರು ಫ್ರೆಂಚರದು ಮುಖ್ಯವಾಗಿ ಗಜ್ಜರಿ, ವೈಟ್‌ನದು ಹೊಗೆಸೊಪ್ಪು.

ಇಲ್ಲಿ ನಮ್ಮ ಕರಾವಳಿಯವರು ಮೆಚ್ಚುವ ಸಂಗತಿಯೊಂದಿದೆ. ಯಾವ ಆಹಾರ ಕೊಟ್ಟರೂ ಹಟ ಹಿಡಿದು ಕೂರುತ್ತಿದ್ದ ಕೋಶಗಳು 1940ರ ದಶಕದಲ್ಲಿ ಒಂದು ದ್ರವಕ್ಕೆ ಮಣಿದವು. ಅದು ತೆಂಗಿನ ಎಳನೀರು! ಎಳೆಯ ಕಾಯಿಯೊಳಗಿನ ಈ ನೀರು ತೆಂಗಿನ ಮೊಳಕೆಯನ್ನು ಪೋಷಿಸಲೆಂದೇ ಪ್ರಕೃತಿ ಕೂಡಿಸಿಟ್ಟದ್ದಲ್ಲವೆ? ಮೊದಲು ದತ್ತೂರಿಯ ಭ್ರೂಣಗಳಿಗೆ ವಾನ್ ಓವರ್‌ಬೀಕ್ ಅದನ್ನು ಕೊಟ್ಟು ನೋಡಿದ. ಆಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀವರ್ಡ್ ಎಳನೀರು ಸೇರಿಸಿದ ದ್ರವದಲ್ಲಿ ಗಜ್ಜರಿಯ ಕೋಶಗಳನ್ನು ತೇಲಿಬಿಟ್ಟು, 1958ರಲ್ಲಿ ಅವುಗಳಿಂದ ಮರಳಿ ಗಜ್ಜರಿ ಸಸಿಗಳನ್ನೇ ಪಡೆದ. ಹಾಬರ್‌ಲಾಂಟನ ಮಾತು ಐವತ್ತಾರು ವರ್ಷಗಳ ಮೇಲೆ ನಿಜವಾಯಿತು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬಿಬ್ಬರು ಲವಣ, ಸಕ್ಕರೆ, ಜೀವಸತ್ತ್ವ, ಚೋದಕಗಳ ನಿಶ್ಚಿತ ಅಳತೆಯ ಪಾಕವೊಂದನ್ನು ಬರೆದುಕೊಟ್ಟರು. ಇಂದಿಗೂ ಬಾಳೆಸಸಿ ಮಾಡುವ ಪ್ರಯೋಗಾಲಯಗಳಲ್ಲಿ ನಡೆಯುತ್ತಿರುವುದು ಹೆಚ್ಚಾಗಿ ಅದೇ ಪಾಕ, ಅಥವಾ ಅದನ್ನು ಅಷ್ಟಿಷ್ಟು ತಿದ್ದಿಕೊಂಡದ್ದು.

ನಮ್ಮ ದೇಶವೂ ಹಿಂದೆ ಬೀಳಲಿಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ ಪಂಚಾನನ ಮಾಹೇಶ್ವರಿಯವರು ಕಟ್ಟಿದ ಸಸ್ಯಶಾಸ್ತ್ರ ವಿಭಾಗದಲ್ಲಿ 1964ರಲ್ಲಿ ಶಿಪ್ರಾ ಗುಹಾ ಮತ್ತು ಎಸ್. ಸಿ. ಮಾಹೇಶ್ವರಿ ದತ್ತೂರಿಯ ಪರಾಗಕೋಶದಿಂದ ಭ್ರೂಣಗಳನ್ನು ಬೆಳೆಸಿದರು. ಪರಾಗದ ಕಣವೊಂದು ನೇರವಾಗಿ ಗಿಡವಾಗಬಹುದೆಂದು ಅದಕ್ಕೆ ಮುಂಚೆ ಯಾರೂ ತೋರಿಸಿರಲಿಲ್ಲ. ಜಗತ್ತಿನ ತಳಿ ಅಭಿವೃದ್ಧಿಯ ಕೆಲಸಕ್ಕೇ ಇದರಿಂದ ಹೊಸ ದಾರಿ ತೆರೆಯಿತು. ದೆಹಲಿಯಲ್ಲಿರುವ ನಮ್ಮ ಸಂಘದ ಬಂಧುಗಳು ತಮ್ಮ ಊರಿನ ಈ ಹಿರಿಮೆಯನ್ನು ಮಕ್ಕಳಿಗೆ ಹೇಳಬಹುದು.

ಗಿಡ ಬೆಳೆಸುವುದು ಒಂದು. ಗಿಡವೇ ಬೇಡ, ಅದರೊಳಗಿನ ರುಚಿಯೋ ಮದ್ದೋ ಮಾತ್ರ ಸಾಕು ಎನ್ನುವುದು ಇನ್ನೊಂದು. ಈ ಎರಡನೆಯ ವಿಚಾರಕ್ಕೆ 1956ರಲ್ಲಿಯೇ ಅಮೆರಿಕದ ಫೈಜರ್ ಕಂಪನಿಯ ರೂಟಿಯೆ ಮತ್ತು ನಿಕೆಲ್ ಪೇಟೆಂಟ್ ಪಡೆದಿದ್ದರು. ಪೆನಿಸಿಲಿನ್ ಕೊಡುವ ಬೂಷ್ಟನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸುತ್ತಿದ್ದ ಕಾಲ ಅದು. ಬೂಷ್ಟು ಬೆಳೆದರೆ ಗಿಡದ ಕೋಶ ಯಾಕೆ ಬೆಳೆಯಬಾರದು ಎಂಬುದು ಅವರ ತರ್ಕ. ತರ್ಕ ಸರಿಯಾದದ್ದೇ, ಆದರೆ ಕೋಶಗಳು ಅದನ್ನು ಒಪ್ಪಲು ಮೂವತ್ತು ವರ್ಷ ಹಿಡಿಯಿತು.

ತೊಡಕು ಇದ್ದದ್ದು ಇಲ್ಲಿ. ಬ್ಯಾಕ್ಟೀರಿಯ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಸಸ್ಯದ ಕೋಶಕ್ಕೆ ಒಂದೆರಡು ದಿನವಾದರೂ ಬೇಕು. ವಾರಗಟ್ಟಲೆ ತೊಟ್ಟಿಯಲ್ಲಿ ಸಕ್ಕರೆಯ ಪಾಕ ನಿಂತಿರುವಾಗ ಹೊರಗಿನ ಒಂದೇ ಒಂದು ಸೂಕ್ಷ್ಮಜೀವಿ ನುಸುಳಿದರೆ ಕೋಶಗಳಿಗಿಂತ ಮುಂಚೆ ಅದೇ ಎಲ್ಲವನ್ನೂ ತಿಂದು ಮುಗಿಸುತ್ತದೆ. ಹೆಪ್ಪು ಕೆಟ್ಟರೆ ಹಾಲೆಲ್ಲ ಕೆಡುವುದನ್ನು ಕಂಡ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಾಗಿ ಸಸ್ಯಕೋಶಗಳು ಗಾತ್ರದಲ್ಲಿ ದೊಡ್ಡವು, ಸೂಕ್ಷ್ಮವಾದವು. ಜೋರಾಗಿ ಕಡೆದರೆ ಒಡೆಯುತ್ತವೆ, ಕಡೆಯದೆ ಬಿಟ್ಟರೆ ಗಾಳಿ ಸಿಗದೆ ಸಾಯುತ್ತವೆ. ಇಷ್ಟೆಲ್ಲ ಪಾಡುಪಟ್ಟು ಬೆಳೆಸಿದ ಮೇಲೂ ಹಲವು ಸಲ ಅವುಗಳಲ್ಲಿ ಬೇಕಾದ ಸತ್ತ್ವವೇ ಇರುವುದಿಲ್ಲ. ಯಾಕೆಂದರೆ ಬಣ್ಣ, ಘಾಟು, ಕಹಿ, ವಿಷ ಇವೆಲ್ಲ ಗಿಡ ತನ್ನ ರಕ್ಷಣೆಗೆಂದು, ಬಲಿತ ಬೇರು ತೊಗಟೆಗಳಲ್ಲಿ ಮಾಡಿಟ್ಟುಕೊಳ್ಳುವ ವಸ್ತುಗಳು. ಹೊಟ್ಟೆತುಂಬ ಉಂಡು, ಶತ್ರುವಿನ ಭಯವಿಲ್ಲದೆ, ಬರಿದೆ ಸಂಖ್ಯೆ ಬೆಳೆಸುತ್ತಿರುವ ಕೋಶಕ್ಕೆ ಅವುಗಳ ಗೊಡವೆ ಏಕೆ?

ಈ ಗುಟ್ಟನ್ನು ಭೇದಿಸಿದ್ದು ಜಪಾನ್. ಮುರಸಾಕಿ ಎಂಬ ಮೂಲಿಕೆಯ ಬೇರು ಅಲ್ಲಿ ಎರಡು ಕೆಲಸಕ್ಕೆ ಬರುತ್ತಿತ್ತು. ಒಂದು, ನೇರಳೆ ಬಣ್ಣ. ಜಪಾನೀ ಭಾಷೆಯಲ್ಲಿ 'ಮುರಸಾಕಿ' ಎಂದರೆ ನೇರಳೆ ಬಣ್ಣವೆಂದೇ ಅರ್ಥ. ಹಳೆಯ ಕಾಲದ ಆಸ್ಥಾನದಲ್ಲಿ ಅದು ಉನ್ನತ ದರ್ಜೆಯವರ ಉಡುಪಿನ ಬಣ್ಣ. ಇನ್ನೊಂದು, ಮುಲಾಮು. ಹನಾವೊಕಾ ಸೇಶು ಎಂಬ ಶಸ್ತ್ರವೈದ್ಯ ಈ ಬೇರನ್ನು ಎಳ್ಳೆಣ್ಣೆ, ಜೇನುಮೇಣಗಳ ಜೊತೆ ಕೂಡಿಸಿ ಸುಟ್ಟಗಾಯಕ್ಕೆ ಹಚ್ಚುವ ಮುಲಾಮು ಬಳಕೆಗೆ ತಂದ. 1804ರಲ್ಲಿ ದತ್ತೂರಿ ಬೆರೆಸಿದ ಕಷಾಯ ಕುಡಿಸಿ, ರೋಗಿಗೆ ಪ್ರಜ್ಞೆ ತಪ್ಪಿಸಿ, ಸ್ತನದ ಗೆಡ್ಡೆಯನ್ನು ಕತ್ತರಿಸಿ ತೆಗೆದವನೂ ಇವನೇ. ಯುರೋಪಿನವರು ಈಥರ್ ಬಳಸಿದ್ದು ಅದಾದ ನಾಲ್ಕು ದಶಕಗಳ ಮೇಲೆ. ಇರಲಿ. ಮುರಸಾಕಿಯ ಬಣ್ಣದ ಸತ್ತ್ವ ಯಾವುದೆಂದು ಕಂಡುಹಿಡಿದು 1918ರಲ್ಲಿ ಮಂಡಿಸಿದವರು ಚಿಕಾ ಕುರೋದಾ ಎಂಬ ಮಹಿಳೆ. ಜಪಾನಿನ ವಿಶ್ವವಿದ್ಯಾಲಯಗಳು ಹೆಂಗಸರಿಗೆ ಬಾಗಿಲು ತೆರೆದದ್ದು 1913ರಲ್ಲಿ. ಅಂದು ಒಳಗೆ ಕಾಲಿಟ್ಟ ಮೂವರಲ್ಲಿ ಆಕೆ ಒಬ್ಬರು. ಇಂಥವರ ಹೆಸರು ನಮ್ಮ ಶಾಲಾಪುಸ್ತಕಗಳಲ್ಲಿ ಬರುವುದಿಲ್ಲ, ಬರಬೇಕಿತ್ತು.

ಬೇರಿನಲ್ಲಿ ಶಿಕೋನಿನ್ ಇರುವುದು ಬಹಳ ಕಡಿಮೆ. ಕೆಲವು ವರ್ಷ ಬೆಳೆದ ಬೇರಿನಲ್ಲಿಯೂ ನೂರಕ್ಕೆ ಒಂದೆರಡು ಪಾಲು. ಜಪಾನಿನ ಕಾಡಿನಲ್ಲಿ ಮುರಸಾಕಿ ಅಪರೂಪವಾಗಿ, ಚೀನಾ, ಕೊರಿಯಗಳಿಂದ ಬೇರು ತರಿಸಬೇಕಾಗಿತ್ತು. ಕ್ಯೋಟೊ ವಿಶ್ವವಿದ್ಯಾಲಯದ ಮಾಮೊರು ತಬಾತಾ ಮತ್ತು ಸಂಗಡಿಗರು ಸಸಿಯ ತುಣುಕಿನಿಂದ ಕೋಶಗಳ ಗಂಟನ್ನು ಬೆಳೆಸಿ ನೋಡಿ, 1974ರಲ್ಲಿ ತಾವು ಕಂಡದ್ದನ್ನು ಪ್ರಕಟಿಸಿದರು. ಒಂದು ಬಗೆಯ ಚೋದಕ ಕೊಟ್ಟರೆ ಕೋಶಗಳು ಬೆಳ್ಳಗೆ ಉಳಿಯುತ್ತವೆ, ಇನ್ನೊಂದನ್ನು ಕೊಟ್ಟರೆ ಕೆಂಪಾಗುತ್ತವೆ. ಬೆಳಕು ಬಿದ್ದರೆ ಬಣ್ಣವಿಲ್ಲ, ಕತ್ತಲೆಯಲ್ಲಿ ಬಣ್ಣ. ಅದು ಮಣ್ಣಿನೊಳಗಿನ ಬೇರಿನ ಸ್ವಭಾವ ತಾನೆ! ಪಾಕದಲ್ಲಿ ಅಮೋನಿಯದ ಅಂಶವಿದ್ದರೆ ಬಣ್ಣ ಕಟ್ಟುವುದಿಲ್ಲವೆಂಬುದೂ ಕ್ರಮೇಣ ತಿಳಿಯಿತು.

ಈ ತಿಳಿವಳಿಕೆಯನ್ನು ಕಾರ್ಖಾನೆಗೆ ತಂದವರು ಮಿತ್ಸುಯಿ ಪೆಟ್ರೋಕೆಮಿಕಲ್ ಕಂಪನಿಯ ಯಾಸುಹಿರೊ ಫುಜಿತಾ ಮತ್ತವರ ಬಳಗ. ಅವರ ಉಪಾಯ ಸರಳ, ಆದರೆ ಅದೇ ಎಲ್ಲದರ ಕೀಲಿ. ಕೆಲಸವನ್ನು ಎರಡು ತೊಟ್ಟಿಗಳಿಗೆ ಹಂಚಿದರು. 200 ಲೀಟರಿನ ಮೊದಲ ತೊಟ್ಟಿಯಲ್ಲಿ ಸಮೃದ್ಧ ಆಹಾರ; ಕೋಶಗಳು ಬರಿದೆ ಹೆಚ್ಚುತ್ತಾ ಹೋಗಲಿ. ಬಳಿಕ ಅವನ್ನು 750 ಲೀಟರಿನ ಎರಡನೆಯ ತೊಟ್ಟಿಗೆ ವರ್ಗಾಯಿಸಿ, ಅಮೋನಿಯವಿಲ್ಲದ ಬೇರೊಂದು ಪಾಕ ಕೊಡುವುದು. ಅಲ್ಲಿ ಕೋಶಗಳು ಬೆಳೆಯುವುದನ್ನು ಬಿಟ್ಟು ಬಣ್ಣ ಕೂಡಿಸತೊಡಗುತ್ತವೆ. ಮೊದಲು ಹೊಟ್ಟೆಗೆ ಹಾಕು, ಆಮೇಲೆ ದುಡಿಸು ಎಂಬ ಒಕ್ಕಲುತನದ ನೀತಿಯೇ! ಮೂರು ನಾಲ್ಕು ವಾರಗಳಲ್ಲಿ ಕೊಯ್ಲು. ಆರಿಸಿದ ಒಳ್ಳೆಯ ತಳಿಯ ಕೋಶಗಳಲ್ಲಿ ಒಣತೂಕದ ನೂರಕ್ಕೆ ಹತ್ತು ಪಾಲಿಗೂ ಹೆಚ್ಚು ಶಿಕೋನಿನ್. ಬೇರಿಗೆ ಹೋಲಿಸಿದರೆ ಎಷ್ಟೋ ಪಟ್ಟು. ಕಾನೆಬೊ ಕಂಪನಿ ಅದನ್ನು ತುಟಿರಂಗಿಗೆ ಬೆರೆಸಿ 'ಬಯೋ ಲಿಪ್‌ಸ್ಟಿಕ್' ಎಂದು ಮಾರಿತು. ಚಕ್ರವರ್ತಿಯ ಆಸ್ಥಾನದ ಬಣ್ಣ, ಸುಟ್ಟಗಾಯದ ಮದ್ದು, ಕಡೆಗೆ ಸೇರಿದ್ದು ಟೋಕಿಯೋದ ಹುಡುಗಿಯರ ತುಟಿಗೆ. ಇದನ್ನು ಕೆಲವರು ಅಪಹಾಸ್ಯ ಮಾಡಿದ್ದುಂಟು. ನಮಗೆ ಹಾಗೆನಿಸುವುದಿಲ್ಲ. ಅಷ್ಟು ದುಬಾರಿ ತಂತ್ರವನ್ನು ತಾಳಿಕೊಳ್ಳುವ ಬೆಲೆ ಸಿಗುತ್ತಿದ್ದುದು ಅಂಥ ಸರಕಿಗೇ. ಆ ತೊಟ್ಟಿಗಳಲ್ಲಿ ಕಲಿತ ಪಾಠ ಮುಂದೆ ಕ್ಯಾನ್ಸರಿನ ಮದ್ದಿಗೆ ಒದಗಿತು.

ಆ ಮದ್ದಿನ ಕಥೆಯಲ್ಲಿ ಮುಂಬಯಿಯ ನಂಟೂ ಇದೆ. ಮಹಾರಾಷ್ಟ್ರದ ನಂದೂರಬಾರದಲ್ಲಿ 1925ರಲ್ಲಿ ಹುಟ್ಟಿ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕಕ್ಕೆ ಹೋದ ಮನ್ಸುಖ್ ವಾಣಿ ಎಂಬವರು ಉತ್ತರ ಕೆರೊಲಿನಾದಲ್ಲಿ ಮನ್‌ರೋ ವಾಲ್ ಅವರ ಜೊತೆ ಗಿಡಮರಗಳ ಸತ್ತ್ವಗಳನ್ನು ಪರೀಕ್ಷಿಸುತ್ತಿದ್ದರು. ಪೆಸಿಫಿಕ್ ತೀರದ ಯೂ ಎಂಬ ಮರದ ತೊಗಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ತಡೆಯುವ ವಸ್ತುವನ್ನು ಕಂಡುಹಿಡಿದು, 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಅದೇ ಟ್ಯಾಕ್ಸಾಲ್. 1992ರ ಕೊನೆಗೆ ಅಂಡಾಶಯದ ಕ್ಯಾನ್ಸರಿಗೆ ಅದನ್ನು ಅಮೆರಿಕದಲ್ಲಿ ಮಂಜೂರು ಮಾಡಿದರು. ಆದರೆ ಯೂ ಮರ ಬೆಳೆಯುವುದು ಬಹು ನಿಧಾನ. ತೊಗಟೆ ಸುಲಿದರೆ ಸಾಯುತ್ತದೆ. ಒಬ್ಬ ರೋಗಿಗೆ ಬೇಕಾಗುವ ಒಂದೆರಡು ಗ್ರಾಂ ಮದ್ದಿಗೆ ಹಲವು ಹಳೆಯ ಮರಗಳು ಬಲಿ. ತಾಯಿಯನ್ನು ಉಳಿಸುವುದೋ ಕಾಡನ್ನು ಉಳಿಸುವುದೋ ಎಂಬ ಪ್ರಶ್ನೆ ಅಮೆರಿಕದಲ್ಲಿ ಗಟ್ಟಿಯಾಗಿಯೇ ಎದ್ದಿತು. ನಮ್ಮ ಹಿಮಾಲಯದ ಯೂ ಮರಕ್ಕೂ ಕೊಡಲಿ ಬಿದ್ದು, 1995ರಲ್ಲಿ ಅದೂ ಸೈಟಿಸ್ ಪಟ್ಟಿ ಸೇರಿತು.

ಮೊದಲ ಪರಿಹಾರ ಬಂದದ್ದು ಎಲೆಯಿಂದ. ಫ್ರಾನ್ಸಿನ ಪಿಯೆರ್ ಪೋತಿಯೆ ಯೂರೋಪಿನ ಯೂ ಮರದ ಸೂಜಿಯೆಲೆಗಳಲ್ಲಿ ಅರ್ಧ ಸಿದ್ಧವಾದ ವಸ್ತುವೊಂದನ್ನು ಕಂಡು, ಅದರಿಂದ ಟ್ಯಾಕ್ಸಾಲ್ ಮಾಡುವ ದಾರಿ ತೋರಿದರು. ಎಲೆ ಕಿತ್ತರೆ ಮರ ಸಾಯುವುದಿಲ್ಲ. ಎರಡನೆಯ ಪರಿಹಾರ ಕೋಶಕೃಷಿಯದು. ಫೈಟನ್ ಎಂಬ ಸಂಸ್ಥೆ ಯೂ ಕೋಶಗಳನ್ನು ಜರ್ಮನಿಯ ಆರೆನ್ಸ್‌ಬುರ್ಗಿನಲ್ಲಿ 75,000 ಲೀಟರಿನವರೆಗಿನ ತೊಟ್ಟಿಗಳಲ್ಲಿ ಬೆಳೆಸಿತು. ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕಂಪನಿ ಈ ಮಾರ್ಗಕ್ಕೆ ಬದಲಾಗಿ, 2004ರಲ್ಲಿ ಅದಕ್ಕಾಗಿ ಅಮೆರಿಕದ ಹಸಿರು ರಸಾಯನ ಪ್ರಶಸ್ತಿಯನ್ನೂ ಪಡೆಯಿತು. ಈ ಕೋಶಗಳನ್ನು ಚುರುಕುಗೊಳಿಸಲು ಬಂದ ವಸ್ತು ಯಾವುದು ಗೊತ್ತೆ? ಮೀಥೈಲ್ ಜಾಸ್ಮೊನೇಟ್, 1962ರಲ್ಲಿ ಜಾಜಿ ಹೂವಿನ ಎಣ್ಣೆಯಿಂದ ಮೊದಲು ಬೇರ್ಪಡಿಸಿದ ಪರಿಮಳ. ಹುಳು ಕಚ್ಚಿದಾಗ, ಗಾಯವಾದಾಗ ಗಿಡ ತನ್ನೊಳಗೆ ಕಳಿಸುವ ಎಚ್ಚರಿಕೆಯ ಸುದ್ದಿಯೂ ಈ ಬಗೆಯ ವಸ್ತುವೇ. ಅದನ್ನು ಒಂದಿಷ್ಟು ತೊಟ್ಟಿಗೆ ಹಾಕಿದರೆ ಕೋಶಗಳು ಶತ್ರು ಬಂದನೆಂದು ಭ್ರಮಿಸಿ ಟ್ಯಾಕ್ಸಾಲ್ ಮಾಡತೊಡಗುತ್ತವೆ.

ಇನ್ನು ರುಚಿಯ ವಿಷಯ. ಇಲ್ಲಿ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವನ್ನು ನೆನೆಯದಿದ್ದರೆ ತಪ್ಪಾದೀತು. ಚೆಲುವಾಂಬ ವಿಲಾಸದ ಆ ಕಟ್ಟಡದಲ್ಲಿ 1950ರಿಂದ ನಡೆದುಬಂದ ಕೆಲಸಗಳಲ್ಲಿ ಮೆಣಸಿನಕಾಯಿಯ ಕೋಶಕೃಷಿಯೂ ಒಂದು. ಮೆಣಸಿನಕಾಯಿಯ ಖಾರ ಕ್ಯಾಪ್ಸೈಸಿನ್ ಎಂಬ ವಸ್ತುವಿನದು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಲಿಂಡ್ಸೆ ಮತ್ತು ಯೋಮನ್ 1980ರ ದಶಕದಲ್ಲಿ ಮೆಣಸಿನ ಕೋಶಗಳನ್ನು ದ್ರವದಲ್ಲಿ ತೇಲಿಬಿಡುವ ಬದಲು ಒಂದೆಡೆ ಹಿಡಿದು ನಿಲ್ಲಿಸಿದರೆ ಖಾರ ಹೆಚ್ಚುತ್ತದೆಂದು ತೋರಿಸಿದ್ದರು. ಮೈಸೂರಿನಲ್ಲಿ ಜಿ. ಎ. ರವಿಶಂಕರ್, ಎಲ್. ವಿ. ವೆಂಕಟರಾಮನ್ ಮತ್ತು ಸಂಗಡಿಗರು ಆ ದಾರಿಯಲ್ಲಿ ಮುಂದುವರಿದು, 1996ರಲ್ಲಿ ಒಂದು ಸೋಜಿಗವನ್ನು ವರದಿ ಮಾಡಿದರು. ಹೀಗೆ ಹಿಡಿದಿಟ್ಟ ಮೆಣಸಿನ ಕೋಶಗಳಿಗೆ ಫೆರುಲಿಕ್ ಆಮ್ಲವನ್ನು ಉಣಿಸಿದರೆ ಅವು ಖಾರದ ಜೊತೆಗೆ ವೆನಿಲಿನ್ ಅನ್ನೂ ಕೊಡುತ್ತವೆ. ಐಸ್‌ಕ್ರೀಮಿನ ಆ ವೆನಿಲ್ಲಾ ಪರಿಮಳ, ಮೆಣಸಿನಕಾಯಿಯಿಂದ! ಗಿಡದೊಳಗಿನ ರಸಾಯನಶಾಲೆಯಲ್ಲಿ ಈ ಎರಡೂ ಒಂದೇ ಜಗಲಿಯ ನೆರೆಹೊರೆಯವರೆಂದು ಬಲ್ಲವರಿಗೆ ಅದು ಅಚ್ಚರಿಯಲ್ಲ; ಲಾಲ್‌ಬಾಗಿನ ಮಿರ್ಚಿ ಗಲ್ಲಿಯಲ್ಲಿ 'ಬೇಡ್ಗಿ' ಎಂಬ ಹೆಸರಿನಿಂದ ನಮ್ಮ ಬ್ಯಾಡಗಿಯನ್ನು ಕೊಳ್ಳುವ ನಮಗೆ ಮಾತ್ರ ಅಚ್ಚರಿಯೇ.

ಆದರೆ ವೆನಿಲ್ಲಾ ಎಂದೊಡನೆ ನಮ್ಮಲ್ಲಿ ಅನೇಕರ ಮನೆಯವರಿಗೆ ಬೇರೊಂದು ನೆನಪು ಬರುತ್ತದೆ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದ ಮೇಲೆ ವೆನಿಲ್ಲಾ ಬೆಲೆ ಏರುತ್ತಲೇ ಹೋಯಿತು. ಶಿರಸಿ, ತೀರ್ಥಹಳ್ಳಿ, ಪುತ್ತೂರು, ಸುಳ್ಯಗಳ ಅಡಿಕೆ ತೋಟಗಳಿಗೆ ಬಳ್ಳಿ ಬಂತು. ಬೆಳಿಗ್ಗೆ ಹೂವರಳುವ ಹೊತ್ತಿಗೆ ಒಂದೊಂದು ಹೂವನ್ನೂ ಕೈಯಿಂದ ಪರಾಗಸ್ಪರ್ಶ ಮಾಡಬೇಕು. 1841ರಲ್ಲಿ ರೀಯೂನಿಯನ್ ದ್ವೀಪದ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಕಂಡುಕೊಂಡ ಬೆರಳಚಳಕ ಅದು. ಹಸಿಕೋಡಿಗೆ ಕಿಲೋ ಒಂದಕ್ಕೆ ಸಾವಿರಾರು ರೂಪಾಯಿ. ರಾತ್ರಿ ತೋಟ ಕಾಯಬೇಕಾಯಿತು. 2004ರ ನಂತರ ಬೆಲೆ ನೆಲಕಚ್ಚಿತು. ಬಳ್ಳಿ ಕಿತ್ತವರು ಎಷ್ಟೋ ಜನ. ಇದಕ್ಕೆ ಕೋಶಕೃಷಿ ಕಾರಣವಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಮಡಗಾಸ್ಕರಿನ ಬೆಳೆ ಚೇತರಿಸಿಕೊಂಡದ್ದು, ಬೆಲೆಗೆ ಹೆದರಿದ ಕಂಪನಿಗಳು ಅಗ್ಗದ ಕೃತಕ ವೆನಿಲಿನ್‌ಗೆ ತಿರುಗಿದ್ದು, ಇವು ಕಾರಣ. ಕ್ಯಾಲಿಫೋರ್ನಿಯಾದ ಎಸ್ಕಜೆನೆಟಿಕ್ಸ್ ಎಂಬ ಕಂಪನಿ 1980ರ ದಶಕದ ಕೊನೆಯಲ್ಲಿ ವೆನಿಲ್ಲಾ ಬಳ್ಳಿಯ ಕೋಶಗಳಿಂದ ಪರಿಮಳ ತೆಗೆಯುವೆನೆಂದು ಸಾರಿ ಬೆಳೆಗಾರ ದೇಶಗಳನ್ನು ಬೆದರಿಸಿದ್ದು ನಿಜ. ಆದರೆ ಅದು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ಜರ್ಮನಿಯಲ್ಲಿ 1874ರಿಂದಲೂ ಕೃತಕವಾಗಿ ಮಾಡಬಲ್ಲ ವಸ್ತುವಿಗೆ ಇಷ್ಟು ದುಬಾರಿ ತೊಟ್ಟಿ ಹೂಡಿ ಗಿಟ್ಟಿಸುವುದು ಹೇಗೆ?

ಹಾಗೆಂದು ನಮ್ಮ ಬೆಳೆಗಾರರು ನಿಶ್ಚಿಂತರಾಗಿರಬಹುದೆಂದು ನಾವು ಹೇಳಲಾರೆವು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಪೇಟೆಗೆ ಬಂದಾಗ ಬಿಹಾರದ ನೀಲಿ ಸಾಹೇಬರು ತಮ್ಮ ನಷ್ಟವನ್ನು ರೈತರ ತಲೆಗೆ ಕಟ್ಟಿದರು. 1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಹೋಗಬೇಕಾಯಿತು. ಅಪರೂಪದ, ಬೇರು ಕಿತ್ತರೆ ನಾಶವಾಗುವ ಕಾಡುಗಿಡಕ್ಕೆ ತೊಟ್ಟಿ ಬಂದರೆ ಅದು ವರ. ಸಣ್ಣ ಹಿಡುವಳಿದಾರ ನಂಬಿಕೊಂಡ ಬೆಳೆಗೆ ಬಂದರೆ ಅದೇ ಶಾಪ. ಯಾವುದಕ್ಕೆ ಬರುತ್ತದೆಂಬುದನ್ನು ಇಲ್ಲಿಯವರೆಗೆ ನಿರ್ಧರಿಸಿದ್ದು ನ್ಯಾಯವಲ್ಲ, ಕಿಲೋಗ್ರಾಮಿನ ಬೆಲೆ.

ಕಡೆಯದಾಗಿ ನಮ್ಮ ಅಂಗಳದ ಕಾಶಿ ಕಣಗಿಲೆಯ ಮಾತು. ನಿತ್ಯವೂ ಹೂಬಿಡುವ, ನೀರು ಹಾಕದಿದ್ದರೂ ಬದುಕುವ ಈ ಗಿಡವನ್ನು ಇಲ್ಲಿ ಬಾಲ್ಕನಿಯ ಡಬ್ಬಿಗಳಲ್ಲೂ ಬೆಳೆಸಿದ್ದೇವೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಮತ್ತು ಅದರ ಜೊತೆಗಾರ ವಿನ್‌ಬ್ಲಾಸ್ಟಿನ್ ಸಿಗುವುದು ಇದರ ಎಲೆಯಿಂದ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋ ಒಣ ಎಲೆ ಬೇಕೆಂದು ಲೆಕ್ಕ. ಜರ್ಮನಿಯ ತ್ಸೆಂಕ್ ಮತ್ತಿತರರು 1970ರ ದಶಕದಿಂದ ಈ ಗಿಡದ ಕೋಶಗಳನ್ನು ಬಗೆಬಗೆಯಾಗಿ ಬೆಳೆಸಿದರು; ಬೇರೆ ಸತ್ತ್ವಗಳು ಬಂದವು, ಇವೆರಡು ಬರಲಿಲ್ಲ. ಇವುಗಳ ಒಂದು ಅರೆಭಾಗ ತಯಾರಾಗಲು ಬಲಿತ ಎಲೆಯ ಹಲವು ಬಗೆಯ ಕೋಶಗಳು ಒಬ್ಬರ ಕೈಯಿಂದ ಒಬ್ಬರಿಗೆ ಸರಕು ದಾಟಿಸಬೇಕು. ತೊಟ್ಟಿಯಲ್ಲಿ ತೇಲುವ ಒಂದೇ ಬಗೆಯ ಕೋಶಕ್ಕೆ ಅದು ಸಾಧ್ಯವಾಗಲಿಲ್ಲ. 2019ರಲ್ಲಿ ಅಮೆರಿಕದಲ್ಲಿ ವಿನ್‌ಕ್ರಿಸ್ಟಿನ್ ಕೊರತೆಯಾಗಿ ಮಕ್ಕಳ ಚಿಕಿತ್ಸೆಗೆ ಅಡ್ಡಿಯಾಯಿತು. 2022ರಲ್ಲಿ ಕ್ಯಾಲಿಫೋರ್ನಿಯಾದ ಜೇ ಕೀಸ್ಲಿಂಗ್ ಮತ್ತು ಸಂಗಡಿಗರು ಗಿಡದ ಮೂವತ್ತಕ್ಕೂ ಹೆಚ್ಚು ವಂಶವಾಹಿಗಳನ್ನು ಹುದುಗುಬರಿಸುವ ಯೀಸ್ಟಿಗೆ ಸೇರಿಸಿ, ವಿನ್‌ಬ್ಲಾಸ್ಟಿನ್‌ನ ಎರಡು ಅರೆಭಾಗಗಳನ್ನೂ ಅದರಿಂದ ಪಡೆದು, ಪ್ರಯೋಗಾಲಯದಲ್ಲಿ ಜೋಡಿಸಿ ತೋರಿಸಿದರು. ಸಿಕ್ಕ ಪ್ರಮಾಣ ಬಹಳ ಅಲ್ಪ. ತಮಿಳುನಾಡಿನ ಒಣಭೂಮಿಯಲ್ಲಿ ಕಾಶಿ ಕಣಗಿಲೆಯನ್ನು ಈಗಲೂ ಬಿತ್ತುತ್ತಾರೆ, ಎಲೆ ಕಿತ್ತು ನೆರಳಿನಲ್ಲಿ ಒಣಗಿಸಿ ಮೂಟೆಕಟ್ಟುತ್ತಾರೆ.